ಎಡಗೈ ಇಸ್ತ್ರಿ

ಮಾರ್ಚ್ 3, ಬೆಳಿಗ್ಗೆ

ಗಂಟಲಿಗೆ ಬಿಸಿನೀರು. ಮತ್ತೆ ರಿಹರ್ಸಲ್. ನಮ್ಮ ಹಳೇ ಬೀದಿಯ ಐದು ಜನರ ಪಾತ್ರ, ಆಡುವವಳು ನಾನೊಬ್ಬಳೇ. ಅಪ್ಪನ ಸೆಲೂನಿನ ಎದುರಂಗಡಿಯ ಇಸ್ತ್ರಿ ಮಾಮನೇ ನಾಟಕದ ಜೀವ. ಬಾಡಿಗೆ ಏರಿದಾಗ ಮೊದಲು ಎದ್ದುಹೋದವರು ಅವರು. ಆಮೇಲೆ ಅಪ್ಪನ ಸೆಲೂನ್. ಈಗ ಅಲ್ಲಿ ಕಾಫಿ ಶಾಪ್. ಗೋಡೆಗೆ ಅಲಂಕಾರಕ್ಕೆಂದು ಒಂದು ಹಳೇ ಇಸ್ತ್ರಿ ಪೆಟ್ಟಿಗೆ ಬೇರೆ!

ಕೇಳದೆ ಆಡಲು ಮನಸ್ಸಾಗದೆ ಮಾಮನಿಗೆ ಫೋನ್ ಮಾಡಿದೆ.

“ನನ್ನನ್ನ ಆಡ್ತೀಯೋ, ಆಡ್ಕೋತೀಯೋ, ನೋಡಿ ಹೇಳ್ತೀನಿ. ಬೇಡ ಅಂದ್ರೆ ಬಿಟ್ಬಿಡ್ಬೇಕು.”

ಒಪ್ಪಿದೆ. ಆದರೆ ಅವರಿಲ್ಲದೆ ನಾಟಕವೇ ಇಲ್ಲ.

ಮಾರ್ಚ್ 8

ಬಂದರು. ಎರಡು ಬಸ್ ಬದಲಿಸಿ, ಗರಿಗರಿ ಅಂಗಿಯಲ್ಲಿ. ಅಪ್ಪನ ಪಕ್ಕ ಕೈಕಟ್ಟಿ ಕೂತರು. ಪೂರ್ತಿ ರಿಹರ್ಸಲ್ ನೋಡಿದರು. ಕೊನೆಗೆ…

“ಮಾತು ನಂದೇ. ಬೈಗುಳಾನೂ ನಂದೇ. ಆದ್ರೆ ಅದು ನಾನಲ್ಲ, ಮಗಳೇ. ನಾನು ಎಡಚ.”

ಸಾಧ್ಯವೇ ಇಲ್ಲ ಎಂದು ವಾದಕ್ಕಿಳಿದೆ. ಹತ್ತು ವರ್ಷ ದಿನಾ ನೋಡಿದ್ದೇನೆ! ಅಪ್ಪನಿಗೆ ನಗು.

“ನೀನು ನೋಡಿದ್ದು ನನ್ನ ಕನ್ನಡೀನ ಕಣೇ.”

ಹೌದಲ್ಲ. ಶಾಲೆ ಬಿಟ್ಟು ಬಂದು ಸೆಲೂನಿನಲ್ಲೇ ಹೋಮ್‌ವರ್ಕ್. ಬೀದಿಗೆ ಬೆನ್ನು, ಎದುರಿಗೆ ಕನ್ನಡಿ. ಇಡೀ ಬೀದಿಯನ್ನು ಅದರೊಳಗೇ ನೋಡಿದ್ದು — ಎಡ ಬಲ ಅದಲುಬದಲು. ನಾಚಿಕೆಯಾಯಿತು.

“ಬಿಟ್ಬಿಡ್ಲಾ, ಮಾಮ?”

“ಬಿಡೋದ್ಯಾಕೆ? ಕಲಿ.”

ಮೇಜಿನ ಮೇಲೆ ಅಪ್ಪನ ಅಂಗಿ ಹಾಸಿ, ನನ್ನ ಎಡಗೈ ಹಿಡಿದು ತಿದ್ದಿಸಿದರು. ಮೊದಲು ಕಾಲರ್, ಆಮೇಲೆ ತೋಳು. ಒಂದು ಗಂಟೆ. ಯಾವ ಜನ್ಮದ ಪುಣ್ಯವೋ.

ಮಾರ್ಚ್ 11

ಎಡಗೈ ಹೇಳಿದ ಮಾತು ಕೇಳುವುದಿಲ್ಲ. ಹಲ್ಲುಜ್ಜುವುದು, ಬೀಗ ತೆಗೆಯುವುದು, ಎಲ್ಲ ಅದರಲ್ಲೇ. “ಅಡುಗೆ ಮಾತ್ರ ಬಲಗೈಲಿ ಮಾಡಮ್ಮ,” ಎಂದು ಅಪ್ಪ ಕೈಮುಗಿದರು. ಇಂದಿನಿಂದ ಡೈರಿಯೂ ಎಡಗೈಯಲ್ಲಿ. ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು.

ಮಾರ್ಚ್ 22, ಸಂಜೆ

ಮೊದಲ ಶೋ ಮುಗಿಯಿತು. ಬಣ್ಣ ಇನ್ನೂ ಒರೆಸಿಲ್ಲ.

ಮಾಮ ಮೊದಲ ಸಾಲಿನಲ್ಲಿದ್ದರು. ನಾನು ಇಸ್ತ್ರಿ ಪೆಟ್ಟಿಗೆ ಎತ್ತಿದೆ… ಅಲ್ಲಿ ಅವರ ಎಡಗೈ ಮಂಡಿಯ ಮೇಲೆ ಹಿಂದೆ ಮುಂದೆ ಹೋಗುತ್ತಿತ್ತು, ನನ್ನ ಕೈಯ ಜೊತೆಗೇ. ಈ ಸಲ ನಡುವೆ ಕನ್ನಡಿಯಿರಲಿಲ್ಲ. ಮಾತು ಮರೆಯುವುದರಲ್ಲಿದ್ದೆ.

ಆಮೇಲೆ ಒಳಗೆ ಬಂದರು. ಕಣ್ಣು ಕೆಂಪು. “ಈಗ ಅದು ನಾನು,” ಎಂದರು. ಅಷ್ಟೇ. ಅಷ್ಟು ಸಾಕು ನನಗೆ.

ಬಸ್ಸಿಗೆ ಹೊತ್ತಾಯಿತಂತೆ, ಬಾಗಿಲಲ್ಲಿ ನಿಂತು ಕೂಗುತ್ತಿದ್ದಾರೆ. “ಏ ಎಡಚೀ, ಬಾರೇ!”

ಬಂದೆ ಮಾಮ, ಇದೊಂದು ಸಾಲು ಬರೆದು…