ಬ್ರಷ್‌ಗಳು ತಲೆಕೆಳಗಾಗಿ ಒಣಗುತ್ತಿವೆ

ಮನೆ, ಅಡುಗೆಮನೆಯ ಮೇಜು
ಶುಕ್ರವಾರ ಕಳೆದು ಶನಿವಾರಕ್ಕೆ ಬಿದ್ದ ಹೊತ್ತು

ನನ್ನ ಅಮ್ಮಾ,

ರಾತ್ರಿ ಎರಡು ಗಂಟೆಗೆ ಟಿಕ್ ಟಿಕ್ ಎಂಬ ಸದ್ದಿಗೆ ಎಚ್ಚರವಾಯಿತು. ಕಳ್ಳನೋ ಇಲಿಯೋ ಎಂದು ಅನಿಸಿತು. ಎದ್ದು ಬಂದು ನೋಡಿದರೆ ನಿನ್ನ ಬ್ರಷ್‌ಗಳು. ನೀನು ಹೇಳಿದಂತೆಯೇ ಕಿಟಕಿಯ ಸರಳಿಗೆ ದಾರ ಕಟ್ಟಿ, ಕೂದಲು ಕೆಳಗಾಗುವಂತೆ ಒಣಗಲು ತೂಗುಹಾಕಿದ್ದೆ. ಗಾಳಿಗೆ ಒಂದರ ಹಿಡಿ ಇನ್ನೊಂದಕ್ಕೆ ತಾಗಿ ಅವು ಗುಸುಗುಸು ಮಾತಿಗಿಳಿದಿದ್ದವು. ಬೆಳಗಾದರೆ ಮದುಮಗಳ ಮುಖ ನೋಡುತ್ತೇವೆಂಬ ಸಡಗರ ಅವಕ್ಕೂ ಇರಬೇಕು. ಮತ್ತೆ ಮಲಗಲು ಹೋದರೆ ನಿದ್ದೆ ಹತ್ತಿರವೂ ಸುಳಿಯಲಿಲ್ಲ. ನಸುಕಿನಲ್ಲಿ ಬೇಕರಿಗೆ ಹೊರಡುವಾಗ ಇವರು ಬ್ರಷ್‌ಗಳ ಪೊಟ್ಟಣವನ್ನು ಹೇಗೂ ನಿನ್ನ ಪಾರ್ಲರಿನ ಬಾಗಿಲಲ್ಲಿಟ್ಟು ಹೋಗುವವರು. ಜೊತೆಗೆ ಈ ಕಾಗದವೂ ಬರಲಿ ಎಂದು ಬರೆಯಲು ಕೂತಿದ್ದೇನೆ.

ನೀನು ಹೇಗಿದ್ದೀಯ? ಪಾರ್ಲರಿನ ಹಿಂದಿನ ಕೋಣೆಯ ಬೆಂಚಿನ ಮೇಲೆ ಮಲಗಿ ನಡು ಹಿಡಿದುಕೊಂಡಿದ್ದು ಬಿಟ್ಟಿತೇ? ಸ್ಯಾನಿಟೈಸರಿಗೆ ನಿನ್ನ ಬೆರಳಿನ ಸಂದಿಗಳು ಬಿರಿದಿದ್ದವಲ್ಲ, ರಾತ್ರಿ ಮಲಗುವ ಮುಂಚೆ ಕ್ರೀಮು ಹಚ್ಚಿ ಹತ್ತಿಯ ಕೈಗವಸು ಹಾಕಿಕೊಳ್ಳುತ್ತಿದ್ದೀಯಾ, ಇಲ್ಲ ಊರಿಗೆಲ್ಲ ಹೇಳಿ ನೀನು ಮಾತ್ರ ಮರೆಯುತ್ತೀಯಾ? ಕೈ ಬಿರಿದರೆ ಸೋಪು ಉರಿಯುತ್ತದೆ, ಉರಿದರೆ ತೊಳೆಯಲು ಬೇಸರವಾಗುತ್ತದೆ, ಆದ್ದರಿಂದ ತೊಳೆಯುವುದೂ ಹಚ್ಚುವುದೂ ಎರಡೂ ಒಂದೇ ಕೆಲಸ ಎಂದು ಗಿರಾಕಿಗಳಿಗೆ ಪಾಠ ಹೇಳುವವಳು ನೀನೇ. ನಾವೆಲ್ಲ ಚೆನ್ನಾಗಿದ್ದೇವೆ. ನನಗೆ ಸ್ವಲ್ಪ ಮೈ ಭಾರ, ಅದು ನಿದ್ದೆಗೆಟ್ಟದ್ದು. ನಿನ್ನ ಮೊಮ್ಮಗಳಿಗೆ ಹಲ್ಲು ಬರುತ್ತಿದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ. ನೀನು ಇಟ್ಟ ‘ಮೇಸ್ತ್ರಿ’ ಎಂಬ ಹೆಸರು ಸಾರ್ಥಕವಾಯಿತು. ಮಲಗಿದಲ್ಲಿಂದಲೇ ಕೈಬೀಸಿ ನಮ್ಮಿಬ್ಬರಿಂದ ಕೆಲಸ ತೆಗೆಸುತ್ತಾಳೆ. ದಿನಾ ಸಂಜೆ ನೀನು ರಸ್ತೆಯ ಆ ಬದಿಯಲ್ಲಿ ನಿಂತು ಕೈಯಾಡಿಸುವ ಹೊತ್ತಿಗೆ ಸರಿಯಾಗಿ ಕಿಟಕಿಯ ಕಡೆ ತಿರುಗುತ್ತಾಳೆ. ಮಾಸ್ಕ್ ಹಾಕಿದ ಹೆಂಗಸರೆಲ್ಲ ಅಜ್ಜಿಯರೇ ಎಂದುಕೊಂಡಿದ್ದಾಳೋ ಏನೋ, ನಿನ್ನೆ ತರಕಾರಿಯವಳಿಗೂ ಅದೇ ನಗು ಕೊಟ್ಟಳು. ಬೇಜಾರು ಮಾಡಿಕೊಳ್ಳಬೇಡ.

ಕೊರೋನಾ ಲಾಕ್‌ಡೌನ್ ಸಡಿಲಿಸಿ ಅಂಗಡಿಗಳನ್ನು ತೆರೆಯಬಹುದೆಂದು ಹೇಳಿದ ದಿನವೇ ನೀನು ಹಾಸಿಗೆ ಸುತ್ತಿಕೊಂಡು ಪಾರ್ಲರಿಗೆ ಹೋಗಿ ನೆಲೆಸಿದೆ. “ದಿನವಿಡೀ ಊರವರ ಮುಖ ಮುಟ್ಟೋ ಕೈ, ರಾತ್ರಿ ಬಂದು ಕೂಸನ್ನ ಮುಟ್ಟೋದು ಬೇಡ” ಎಂದೆ. ಆಗ ನನಗೆ ಅಳು ಬಂದಿತ್ತು. ಈಗ ನಿನ್ನ ಬಗ್ಗೆ ಯಾರಾದರೂ ವಿಚಾರಿಸಿದರೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳುತ್ತೇನೆ. ಮೊನ್ನೆ ಲಸಿಕೆಯ ಸಾಲಿನಲ್ಲಿ ಮುಂದೆ ನಿಂತಿದ್ದ ಟೀಚರೊಬ್ಬರು, “ಕ್ರೀಮಿನ ಡಬ್ಬಿಗೆ ಬೆರಳು ಹಾಕಿದ್ರೆ ಬೈತಾರಲ್ಲ, ಅವರ ಮಗಳಾ ನೀವು?” ಎಂದು ಕೇಳಿದರು. ಹೌದು, ಅವರ ಮಗಳೇ ಎಂದೆ. ಕಾಲೇಜಿನಲ್ಲಿ ಪದಕ ಬಂದ ದಿನವೂ ಅಷ್ಟು ಜಂಬವಾಗಿರಲಿಲ್ಲ ಅಮ್ಮಾ.

ಆ ಡಬ್ಬಿಯ ಕಥೆಯನ್ನು ಇವರು ಬೇಕರಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾರೆ. ಬ್ಯಾಂಕ್ ಮ್ಯಾನೇಜರರ ಹೆಂಡತಿ ನೀನು ಅತ್ತ ತಿರುಗಿದ್ದೇ ಹೊಸ ಕ್ರೀಮಿಗೆ ತೋರುಬೆರಳು ಅದ್ದಿ ಮೂಗಿಗೆ ಹಚ್ಚಿಕೊಂಡರಂತೆ. ನೀನು ಒಂದು ಮಾತೂ ಬೈಯದೆ ಮುಚ್ಚಳ ತಿರುಗಿಸಿ, ಡಬ್ಬಿಯನ್ನು ಅವರ ಚೀಲದೊಳಗೆ ಇಟ್ಟು, “ಇದಿನ್ನು ನಿಮ್ದೇ, ಇನ್ನೊಬ್ಬರ ಮುಖಕ್ಕೆ ಹಚ್ಚೋ ಹಾಗಿಲ್ಲ” ಎಂದೆಯಂತೆ. ಅವರು ಸಿಡಿಮಿಡಿಗೊಂಡು ಹೋದರು, ಮರುವಾರ ಮಗಳನ್ನೂ ಕರೆದುಕೊಂಡು ಬಂದರು. ಮೂಲೆಯ ಪಾರ್ಲರಿನವಳು ನಿನ್ನ ಬಾಗಿಲಿನಲ್ಲಿ ನಿಂತು “ಅಕ್ಕಾ, ನಿಮ್ದು ಪಾರ್ಲರೋ ಆಪರೇಷನ್ ಥಿಯೇಟರೋ?” ಎಂದು ಚುಚ್ಚಿದಾಗ ನೀನು ಕೊಟ್ಟ ಉತ್ತರ ನೆನಪಾದರೆ ಈಗಲೂ ನಗು ತಡೆಯಲಾಗುವುದಿಲ್ಲ. “ಅಲ್ಲಿ ಮಲಗಿಸಿ ಕುಯ್ತಾರೆ ಕಣೇ, ನಾನು ಕೂರಿಸಿ ಹಚ್ತೀನಿ. ನೀನೂ ಬಾ, ಮೊದ್ಲು ಕೈ ತೊಳ್ಕೊ.”

ಆದರೆ ನನಗೆ ಎಲ್ಲಕ್ಕಿಂತ ಹೆಮ್ಮೆ ನೀನು ಊದುವುದನ್ನು ಬಿಟ್ಟದ್ದು. ಬೇರೆಯವರಿಗೆ ಇದು ಹೇಳಿದರೆ ಅರ್ಥವಾಗುವುದಿಲ್ಲ. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಬ್ರಷ್ಷಿಗೆ ಪೌಡರ್ ಹಿಡಿಸಿ, ತುಟಿ ದುಂಡಗೆ ಮಾಡಿ ಫೂ ಎಂದು ಒಮ್ಮೆ ಊದಿ, ಹೆಚ್ಚಿನದನ್ನು ಹಾರಿಸಿ, ಆಮೇಲೆಯೇ ಕೆನ್ನೆಗೆ ಮುಟ್ಟಿಸುತ್ತಿದ್ದೆ. ಕಣ್ಣಿನ ಕೆಳಗೆ ಪುಡಿ ಉದುರಿದರೆ ಅಲ್ಲಿಯೂ ಒಂದು ಫೂ. ಗಿರಾಕಿಗಳು ಆ ಗಾಳಿಗೇ ಕಣ್ಣು ಮುಚ್ಚಿ ನಗುತ್ತಿದ್ದರು. ಉಸಿರಿನಲ್ಲಿ ರೋಗ ಹೋಗುತ್ತದೆ ಎಂದು ನಾನು ನಿನಗೆ ವಿವರಿಸಿದ ದಿನ ನೀನು ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟೆ. “ಹಾಗಾದ್ರೆ ನನ್ನ ಕೆಲಸದಲ್ಲಿ ಅರ್ಧ ಉಸಿರೇ ಇತ್ತಲ್ಲ” ಎಂದೆ. ಮಾಸ್ಕಿನೊಳಗೂ ನಿನ್ನ ಬಾಯಿ ತಾನಾಗಿ ದುಂಡಗಾಗುತ್ತಿತ್ತು, ನನಗೆ ಕಾಣುತ್ತಿತ್ತು. ಆಮೇಲೆ ಗಡಿಯಾರ ರಿಪೇರಿಯವನ ಬಳಿ ಧೂಳು ಹಾರಿಸುವ ರಬ್ಬರಿನ ಬುರುಡೆ ನೋಡಿ ಅಂಥದ್ದೇ ಒಂದು ತಂದೆ. ಅದನ್ನು ಒತ್ತಿದಾಗ ಕಪ್ಪೆ ಕೂಗಿದಂತಾಗಿ ಮೊದಲ ಗಿರಾಕಿ ಕುರ್ಚಿಯಿಂದ ಎಗರಿದಳು. ಈಗ ಅದರ ಸದ್ದೇ ನಿನ್ನ ಗುರುತಾಗಿಬಿಟ್ಟಿದೆ. ಅರ್ಧ ಆಯುಸ್ಸಿನ ಅಭ್ಯಾಸವನ್ನು ಒಂದು ಮಾತಿಗೆ ಬಿಡುವವರು ಎಷ್ಟು ಜನ ಇದ್ದಾರೆ ಹೇಳು. ನನಗೆ ಉಗುರು ಕಚ್ಚುವುದನ್ನೇ ಬಿಡಲಾಗಿಲ್ಲ.

ಇವತ್ತಿನ ಮದುಮಗಳು ಸಹ ನಿನ್ನನ್ನು ಆರಿಸಿದ್ದು ಸುಮ್ಮನೆ ಅಲ್ಲ. ದೊಡ್ಡಾಸ್ಪತ್ರೆಯ ನರ್ಸು ಅವಳು, ಸ್ವಚ್ಛತೆಯ ವಿಷಯದಲ್ಲಿ ಕಣ್ಣಿಗೆ ಮಣ್ಣೆರಚಲು ಆಗದು. ಊರಿನ ಪಾರ್ಲರುಗಳನ್ನೆಲ್ಲ ಒಂದು ಸುತ್ತು ಹಾಕಿ, ಮೂಲೆಯಲ್ಲಿ ಅರ್ಧ ಗಂಟೆ ಕೂತು ನೋಡಿ, ಕೊನೆಗೆ ನಿನ್ನಲ್ಲಿ ನಿಂತಳು. ನೀನು ಲಿಪ್‌ಸ್ಟಿಕ್ಕನ್ನು ಚಾಕುವಿನಿಂದ ಕೆರೆದು ಸ್ಟೀಲಿನ ತಟ್ಟೆಗೆ ಹಾಕಿಕೊಂಡು, ತಟ್ಟೆಯಿಂದಲೇ ಹಚ್ಚಿದ್ದನ್ನು ನೋಡಿ, “ಆಂಟಿ, ನಮ್ಮ ವಾರ್ಡಿಗೆ ಬರ್ತೀರಾ?” ಎಂದು ಕೇಳಿದಳಂತೆ. ಕಾಡಿಗೆ, ಕಣ್ಣರೆಪ್ಪೆಯ ಬ್ರಷ್ಷು, ತುಟಿಯ ಬಣ್ಣ, ಸ್ಪಂಜು ಇಷ್ಟನ್ನೂ ಅವಳ ಹೆಸರಿನಲ್ಲೇ ಹೊಸದಾಗಿ ಕೊಡಿಸಿ, “ಅಕ್ಕತಂಗಿಯರು ಕೇಳಿದ್ರೂ ಕೊಡಬೇಡ, ಕಣ್ಣಿನ ವಿಷಯದಲ್ಲಿ ಪ್ರೀತಿ ತೋರಿಸಬಾರದು” ಎಂದು ಅವಳ ಕೈಯಲ್ಲೇ ಇಡಿಸಿದ್ದೀಯ. ತಿಂಗಳುಗಟ್ಟಲೆ ಮಾಸ್ಕ್ ಕಟ್ಟಿ ಅವಳ ಮೂಗಿನ ಮೇಲೆ ಕಪ್ಪು ಗೆರೆ ಬಿದ್ದಿದೆ. ಅದನ್ನು ಮುಚ್ಚುವುದಿಲ್ಲ, ಮೆತ್ತಗೆ ಮಾಡುತ್ತೇನೆ, ಅದು ಅವಳ ಪದಕ ಎಂದು ನೀನು ಹೇಳಿದ್ದು ಇವರಿಗೆ ಎಷ್ಟು ಹಿಡಿಸಿತೆಂದರೆ ಎರಡು ಸಲ ನನಗೆ ಬಂದು ಹೇಳಿದರು. ಅವಳ ಜೊತೆಗೆ ಅಜ್ಜಿಯೂ ಬರುತ್ತಾಳಲ್ಲವೇ, ಎದೆಯ ಕಾಯಿಲೆಯವಳು? ಮೊಮ್ಮಗಳ ಅಲಂಕಾರವನ್ನು ಕಣ್ಣಾರೆ ನೋಡಬೇಕೆಂದು ಹಟ ಹಿಡಿದಿದ್ದಾಳಂತೆ. ಅವಳನ್ನು ಕಿಟಕಿಯ ಪಕ್ಕ, ಗಾಳಿ ಬರುವ ಕಡೆ ಕೂರಿಸು. ಇದು ಮುಗಿದ ಮೇಲೆ ನೀನು ಒಂದು ವಾರ ಬಾಗಿಲು ಹಾಕಿ, ಪರೀಕ್ಷೆ ಮಾಡಿಸಿ ಮನೆಗೆ ಬರುವವಳು. ಮೇಸ್ತ್ರಿ ನಿನ್ನ ತೊಡೆಯ ಮೇಲೆ ಕೂರುವ ಚಿತ್ರ ಕಣ್ಣ ಮುಂದೆ ಬಂದು ಬಂದು ನನ್ನ ನಿದ್ದೆ ಕೆಡುತ್ತಿದೆ ಎಂದರೂ ತಪ್ಪಲ್ಲ.

ಬ್ರಷ್‌ಗಳನ್ನು ನಿನ್ನೆ ಮಧ್ಯಾಹ್ನವೇ ತೊಳೆದೆ. ಉಗುರುಬೆಚ್ಚಗಿನ ನೀರು, ಸೋಪು, ಅಂಗೈಯಲ್ಲಿ ಸುತ್ತಿಸುತ್ತಿ, ನೀರು ತಿಳಿಯಾಗುವವರೆಗೆ. ಹಿಡಿಯ ಅಂಟಿಗೆ ನೀರು ಇಳಿಯದಂತೆ ತಲೆಕೆಳಗು. ಟವೆಲುಗಳನ್ನು ಕುದಿಸಿ, ಮಡಿಸಿ, ನಿನ್ನೆಯೇ ಇವರ ಕೈಯಲ್ಲಿ ಕಳಿಸಿದ್ದೆ. ತಲುಪಿಸಿ ಬಂದವರು ನಿನ್ನ ಚಹಾವನ್ನು ಹೊಗಳಿದ್ದೇ ಹೊಗಳಿದ್ದು. ನನ್ನ ಚಹಾಕ್ಕೆ ಈಗೀಗ ಮರ್ಯಾದೆ ಇಲ್ಲ. ನಿನ್ನೆ ಸಂಜೆ ಹಾಲು ಹೊತ್ತಿ ಪಾತ್ರೆಯ ತಳ ಕಪ್ಪಾಗುವವರೆಗೂ ನಾನು ಒಲೆಯ ಪಕ್ಕದಲ್ಲೇ ನಿಂತು ಮೇಸ್ತ್ರಿಯ ಬಟ್ಟೆ ಮಡಿಸುತ್ತಿದ್ದೆ. ಇವರು ಮೆಟ್ಟಿಲ ಕೆಳಗಿನಿಂದಲೇ, “ಏನೇ, ಬೀದಿಗೆಲ್ಲ ವಾಸನೆ ಬರ್ತಿದೆ, ನಿನ್ನ ಮೂಗೇನು ಅಡ ಇಟ್ಟಿದ್ದೀಯಾ?” ಎಂದು ಕೂಗಿಕೊಂಡು ಬಂದರು. ಇವರದೂ ಹಾಗೆಯೇ, ಮೊದಲು ಅಂಗಿ ಬಿಚ್ಚಿದರೆ ಕೋಣೆಯೆಲ್ಲ ಬ್ರೆಡ್ಡಿನ ವಾಸನೆ ಹರಡುತ್ತಿತ್ತು, ಎರಡು ದಿನದಿಂದ ಅದೂ ಇಲ್ಲ. ಬೇಕರಿಯಲ್ಲಿ ಕೆಲಸ ಕಡಿಮೆಯೋ ಏನೋ, ಪಾಪ, ಕೇಳಲು ಹೋಗಲಿಲ್ಲ. ಹಾಂ, ನೀನು ನನಗೆ ಕಳಿಸಿದ ಹೊಸ ಕ್ರೀಮು ಬಂತು. ಚಮಚದಿಂದಲೇ ತೆಗೆಯುತ್ತೇನೆ, ಬೈಯಬೇಡ. ಈ ಸಲ ಯಾಕೋ ಪರಿಮಳವಿಲ್ಲದ್ದನ್ನು ತಂದಿದ್ದೀಯ, ಕೂಸಿಗೆ ಒಳ್ಳೆಯದೆಂದು ಇರಬೇಕು.

ಮೇಸ್ತ್ರಿ ಎದ್ದು ಕೂಗುತ್ತಿದ್ದಾಳೆ. ಹಾಲು ಕೊಡಬೇಕು. ಇಲ್ಲಿಗೇ ಮುಗಿಸುತ್ತೇನೆ, ಇಲ್ಲದಿದ್ದರೆ ಬೆಳಕು ಹರಿಯುತ್ತದೆ. ಆ ಹುಡುಗಿಯ ಬಾಳು ಬೆಳಗಲಿ ಎಂದು ನನ್ನ ಪರವಾಗಿಯೂ ಮದುಮಗಳ ತಲೆ ಮುಟ್ಟು, ಮುಟ್ಟುವ ಮುಂಚೆ ಕೈ ತೊಳೆದುಕೋ. ಇವರ ನಮಸ್ಕಾರ, ಮೇಸ್ತ್ರಿಯ ಹೊಸ ಹಲ್ಲಿನ ಒಂದು ಕಚ್ಚು.

ನಿನ್ನ ಕೈಕೆಳಗೆ ಬ್ರಷ್ ತೊಳೆಯಲು ಕಲಿತವಳು,
ನಿನ್ನ ಮಗಳು

ಮರೆಯುವ ಮುಂಚೆ. ಅಲ್ಲ, ಮರೆಯುವಂಥದ್ದಲ್ಲ, ಅವಸರದ ಬರಹ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಹಾಲು ಕುಡಿಸುತ್ತಾ ಎಂದಿನಂತೆ ಮೇಸ್ತ್ರಿಯ ನೆತ್ತಿಗೆ ಮೂಗಿಟ್ಟೆ. ಏನೂ ಇರಲಿಲ್ಲ ಅಮ್ಮಾ. ಕೂಸಿನ ನೆತ್ತಿಯ ವಾಸನೆ ಇಲ್ಲ. ಬಟ್ಟೆ ಬದಲಿಸಿದೆ, ಆ ವಾಸನೆಯೂ ಇಲ್ಲ. ಬ್ರಷ್ಷಿಗೆ ಹಾಕುವ ಸ್ಪಿರಿಟ್ಟಿನ ಮುಚ್ಚಳ ತೆಗೆದು ಮೂಸಿದೆ, ನೀರು ಮೂಸಿದ ಹಾಗಿತ್ತು. ಆಮೇಲೆ ಹಾಲು ಹೊತ್ತಿದ್ದು, ಬ್ರೆಡ್ಡು, ನಿನ್ನ ಕ್ರೀಮು ಎಲ್ಲ ಒಂದೊಂದಾಗಿ ಬಂದು ಎದುರು ನಿಂತವು. ಮಾಸ್ಕ್ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಇವರನ್ನು ಎಬ್ಬಿಸಿದೆ, ಬೇಕರಿಗೆ ರಜೆ ಹೇಳಿಸಿದೆ. ಕೂಸಿಗೆ ಮೈ ಬಿಸಿಯಿಲ್ಲ, ಚೆನ್ನಾಗಿ ಕುಡಿದಳು. ನಿನ್ನ ಫೋನ್ ರಿಂಗಾಗಿ ರಿಂಗಾಗಿ ನಿಲ್ಲುತ್ತಿದೆ, ರಾತ್ರಿ ನೀನು ಅದರ ಬಾಯಿ ಮುಚ್ಚಿಡುತ್ತೀ ಎಂದು ಗೊತ್ತು. ಮಧ್ಯೆ ನೀರಿಗೆ ಎದ್ದಾಗ ನೋಡುತ್ತೀಯಲ್ಲ, ಅದಕ್ಕೆ ಈ ಕಾಗದದ ಹಾಳೆಗಳ ಫೋಟೋ ತೆಗೆದು ಕಳಿಸುತ್ತಿದ್ದೇನೆ. ಇದು ಕೈಯಿಂದ ಕೈಗೆ ಬರುವ ಹಾಗಿಲ್ಲ.

ಬ್ರಷ್‌ಗಳು ಬರುವುದಿಲ್ಲ, ಅವು ಇಲ್ಲೇ ತೂಗಾಡಲಿ. ನಿನ್ನೆಯ ಟವೆಲಿನ ಕಟ್ಟನ್ನು ಬಿಚ್ಚಬೇಡ. ಕುದಿಸಿದ್ದೇನೋ ನಿಜ, ಆದರೆ ಮಡಿಸಿದ್ದು ನಾನೇ. ನಿನ್ನ ಹಳೆಯ ಬ್ರಷ್‌ಗಳು ಸ್ಟೀಲಿನ ಡಬ್ಬಿಯಲ್ಲಿವೆ, ಅವು ಶುದ್ಧ. ಇಷ್ಟೇ ಆಗಿದ್ದರೆ ನಾನು ಹೆದರುತ್ತಿರಲಿಲ್ಲ. ಕೇಳಬೇಕಾದದ್ದು ಒಂದೇ ಮಾತು. ನಿನ್ನೆ ಇವರು ಬಂದಾಗ ಚಹಾದ ಲೋಟವನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದೆಯಾ, ಇಲ್ಲ ಎದುರಿಗೆ ಕೂತು ಮಾಸ್ಕ್ ಇಳಿಸಿ ನೀನೂ ಕುಡಿದೆಯಾ? ಇವರನ್ನು ಕೇಳಿದರೆ “ಅಯ್ಯೋ, ನೆನಪಿಲ್ಲ ಕಣೇ, ಅತ್ತೆ ಮೂಗಿನ ಗೆರೆ ವಿಷಯ ಹೇಳ್ತಿದ್ರು, ನಗ್ತಿದ್ರು” ಎನ್ನುತ್ತಾರೆ. ನಗುವುದು ಕಂಡಿತೆಂದರೆ ಮಾಸ್ಕ್ ಇರಲಿಲ್ಲವೆಂದೇ ನನ್ನ ಮನಸ್ಸು ಹೇಳುತ್ತಿದೆ. ಹಾಗಿದ್ದರೆ ನೀನು ಆ ಹುಡುಗಿಯನ್ನೂ ಆ ಅಜ್ಜಿಯನ್ನೂ ಒಳಗೆ ಕರೆಯುವ ಹಾಗಿಲ್ಲ. ಇದನ್ನು ನಿನಗೆ ಹೇಳಬೇಕಾಗಿಲ್ಲ, ನನಗಿಂತ ಮುಂಚೆ ನೀನೇ ಶಟರಿನ ಹಿಂದೆ ನಿಂತು ಅವಳಿಗೆ ನಿಜ ಹೇಳುತ್ತೀ ಎಂದೂ ಗೊತ್ತು. ಅವಳ ಬಣ್ಣ, ಕಾಡಿಗೆ, ಸ್ಪಂಜು ಎಲ್ಲ ಅವಳ ಕೈಯಲ್ಲೇ ಇವೆ, ನೀನೇ ಇಡಿಸಿದ್ದು. ಅವಳು ಮನೆಯಲ್ಲೇ ಕನ್ನಡಿಯ ಮುಂದೆ ಕೂರಲಿ, ನೀನು ಫೋನಿನಲ್ಲಿ ಮುಖ ನೋಡುತ್ತಾ ಒಂದೊಂದೇ ಹೇಳಿಕೊಡು. ಅಜ್ಜಿಯೂ ಪಕ್ಕದಲ್ಲಿ ಕೂತು ನೋಡಲಿ. ಮುಟ್ಟದೆ ಮಾಡಿದ ಮುಖವೂ ನಿನ್ನ ಕೈಯ ಮುಖವೇ ಎಂದು ಊರೆಲ್ಲ ಹೇಳಿಕೊಂಡು ಬರುವವಳು ನಾನು.

ಇವರು ಈಗಲೇ ಬಂದು ಶಟರ್ ಬಡಿಯುತ್ತೇನೆ ಎನ್ನುತ್ತಿದ್ದಾರೆ. ನಾನೇ ತಡೆದೆ, ಅಳಿಯನ ದನಿ ಕೇಳಿದರೆ ನೀನು ಮಾಸ್ಕ್ ಹುಡುಕದೆ ಬಾಗಿಲು ತೆಗೆಯುತ್ತೀ. ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ. ಐದು ಗಂಟೆಗೆ ಮದುಮಗಳೂ ಅಜ್ಜಿಯೂ ಬರುವ ಮುಂಚೆ, ನೀನು ಮುಖ ತೊಳೆಯುವ ಮುಂಚೆ, ಯಾವಾಗ ಇದನ್ನು ಓದಿದರೂ ಸರಿ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡು ಅಮ್ಮಾ. ಚಹಾ ಕುಡಿದೆಯೋ ಇಲ್ಲವೋ, ಅಷ್ಟೇ ಹೇಳು. ದಮ್ಮಯ್ಯ, ಶಟರಿಗೆ ಕೈ ಹಾಕುವ ಮುಂಚೆ ಫೋನ್ ಮಾಡು.