ಬಣ್ಣ ಬೇಡದ ಹುಡುಗಿ

ಇನ್ನಂಜೆ, ಕಾಪು
೨೪ ನವೆಂಬರ್ ೨೦೨೪

ಮಗಳು ವಿಜೇತಾಳಿಗೆ ಅಮ್ಮನ ಪ್ರೀತಿಯ ಆಶೀರ್ವಾದಗಳು.

ನಾನೂ ನಿನ್ನ ಮಗಳೂ ಇಲ್ಲಿ ಕ್ಷೇಮ. ಬರೆಯಬೇಕೆಂದು ಕೂತು ಎದ್ದು ವಾರ ಕಳೆಯಿತು, ತಡವಾಯಿತೆಂದು ಬೇಸರಿಸಬೇಡ. ದಿನಾ ಫೋನಿನಲ್ಲಿ ಮಾತಾಡುವವಳಿಗೆ ಕಾಗದ ಯಾಕೆ ಎಂದು ನಗುತ್ತೀಯೋ ಏನೋ. ಫೋನಿನಲ್ಲಿ ನಿನ್ನ ಮುಖ ಕಾಣುತ್ತದೆ. ಅದನ್ನು ನೋಡುತ್ತಾ ಹೇಳುವ ಧೈರ್ಯ ನನಗಿಲ್ಲ. ಪಕ್ಕದ ಮನೆಯ ಪ್ರತೀಕ್ ಮಸ್ಕತ್ತಿಗೆ ಹೊರಟಿದ್ದಾನೆ, ಮಿಡಿ ಉಪ್ಪಿನಕಾಯಿಯ ಜೊತೆ ಇದನ್ನೂ ಅವನ ಕೈಯಲ್ಲಿ ಕೊಡುತ್ತಿದ್ದೇನೆ.

ಮೊನ್ನೆ ಕಣ್ಣು ತೋರಿಸಲು ಮಣಿಪಾಲಕ್ಕೆ ಹೋಗುವಾಗ ಹರ್ಷಿಣಿಯನ್ನೂ ಕರೆದುಕೊಂಡು ಹೋಗಿದ್ದೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತಾಂಜಾನಿಯಾದ ಹುಡುಗನೊಬ್ಬ, ಅಲ್ಲಿ ಡಾಕ್ಟರಿಕೆ ಓದುವವನಂತೆ, ಎದ್ದು ನನಗೆ ಸೀಟು ಕೊಟ್ಟ. ಇವಳು ನನ್ನ ಕಿವಿಗೆ ಬಾಯಿಟ್ಟು, "ಅಜ್ಜಿ, ಇವರು ಎಲೆ ಸುತ್ತಿಕೊಳ್ಳುವುದಿಲ್ವಾ?" ಎಂದಳು. "ಯಾರು ಹೇಳಿದ್ದು ಮಾರಾಯ್ತಿ?" ಎಂದರೆ, ಸ್ಕೂಲ್ ಡೇಗೆ ಆಫ್ರಿಕಾ ಡ್ಯಾನ್ಸ್ ಉಂಟಂತೆ. ನಾಲ್ಕನೇ ಕ್ಲಾಸಿನ ಎಲ್ಲರಿಗೂ ಸೊಂಟಕ್ಕೆ ಮಾವಿನ ಸೊಪ್ಪು, ಮುಖಕ್ಕೆ ಮಸಿ. ಇವಳೊಬ್ಬಳಿಗೆ ಮಸಿ ಇಲ್ಲ. "ನಿನಗೆ ಬಣ್ಣ ಬೇಡ, ದೇವರೇ ಹಚ್ಚಿ ಕಳಿಸಿದ್ದಾರೆ" ಎಂದರಂತೆ ಸುಗಂಧಿ ಟೀಚರ್. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಅಂದಿನಿಂದ ಮಗು ಕನ್ನಡಿಯ ಮುಂದೆ ನಿಲ್ಲುವುದಿಲ್ಲ; ತಲೆ ನಾನೇ ಬಾಚುತ್ತಿದ್ದೇನೆ.

ನನ್ನ ಪಿತ್ತ ನೆತ್ತಿಗೇರಿತು. ಮರುದಿನವೇ ಶಾಲೆಗೆ ಹೋಗಿ, "ಮಸಿ ಬಳಿದು ಸೊಪ್ಪು ಕಟ್ಟಿದರೆ ಆಫ್ರಿಕಾದವರಾಗುತ್ತಾರಾ? ಆ ಮಗುವಿಗೆ ಎಂತ ಹೇಳಿದ್ದು ನೀನು?" ಎಂದು ಕೇಳಿದೆ. ಸುಗಂಧಿ ನನ್ನದೇ ಶಿಷ್ಯೆ, ನಿನ್ನ ಜೊತೆ ಓದಿದವಳು. ಅವಳು ಅಳುಮುಖ ಮಾಡಿಕೊಂಡು, "ಟೀಚರ್, ಇದು ನೀವೇ ಕಲಿಸಿದ ಡ್ಯಾನ್ಸ್ ಅಲ್ವಾ? ಆ ಮಾತೂ ನಿಮ್ಮದೇ. ನೀವು ಹೇಳಿದಾಗ ನಾವೆಲ್ಲ ಎಷ್ಟು ನಗಾಡಿದ್ದು!" ಎಂದಳು.

ಮೂವತ್ತಮೂರು ವರ್ಷ ಪಾಠ ಮಾಡಿದ್ದೇನೆ. ಅದರಲ್ಲಿ ಸುಗಂಧಿಗೆ ನೆನಪುಳಿದದ್ದು ಇದು. ಕೊನೆಗೆ ಮಕ್ಕಳ ಎದುರು ನಿಂತು, ನಾನು ಕಲಿಸಿದ್ದು ತಪ್ಪು, ನಕ್ಕದ್ದೂ ತಪ್ಪು ಎಂದೆ. ಡ್ಯಾನ್ಸ್ ನಿಂತಿದೆ. ಮಕ್ಕಳಿಗೆಲ್ಲ ನನ್ನ ಮೇಲೆ ಸಿಟ್ಟು, ಹರ್ಷಿಣಿಗೂ ಸ್ವಲ್ಪ.

ನೀನೂ ಅಳಿಯಂದಿರೂ ಹೊತ್ತು ಹೊತ್ತಿಗೆ ಊಟ ಮಾಡಿ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಪುಷ್ಪಾವತಿ

ತಾ.ಕ.: ಆ ಮಾತನ್ನು ನಾನು ಯಾರಿಗೆ ಹೇಳಿದ್ದೆಂದು ನಿನಗೆ ಗೊತ್ತು. ಶಾಲೆಯಲ್ಲಿ ನನ್ನನ್ನು ಟೀಚರ್ ಎನ್ನಬೇಕು, ಮನೆಯಲ್ಲಿ ಅಮ್ಮ ಎನ್ನಬೇಕು ಎಂಬ ನಿಯಮ ನಾನೇ ಮಾಡಿದ್ದು. ಅಂದು ಸಂಜೆ ಗದ್ದೆಯ ಬದುವಿನಲ್ಲಿ ಬರುವಾಗ ನೀನು ಕೇಳಿದೆ, "ಹಾಗೆ ಹೇಳಿದ್ದು ಟೀಚರಾ, ಅಮ್ಮನಾ?" ನಾನು "ಟೀಚರ್" ಎಂದೆ. ಸುಳ್ಳು ಮಗಾ. ನೀನು ಹುಟ್ಟಿದ ದಿನದಿಂದ ನಿನ್ನ ಬಣ್ಣಕ್ಕೆ ನಾಚಿಕೊಂಡವಳು ಅಮ್ಮನೇ.