ಗುಂಬಜ ಇಲ್ಲದ ಅರಸ

ಟಾಂಗಾ ಹೊಡೆದೇ ನಮ್ಮನ್ನೆಲ್ಲ ಸಾಕಿದ ಅಪ್ಪಾ,

ನೆನಪಿದೆಯಾ ಆ ಭಾನುವಾರ? ಚರ್ಚಿನಲ್ಲಿ ಗುರುಗಳು ಕ್ರಿಸ್ತನೇ ನಮ್ಮ ಅರಸನೆಂದು ಪ್ರಸಂಗ ಮಾಡಿದ್ದರು. ಇಬ್ರಾಹಿಂಪುರದ ಮನೆಗೆ ಮರಳುವಾಗ ನಾನು ಟಾಂಗಾದ ಮುಂದಿನ ಸೀಟಿನಲ್ಲಿ ನಿನಗೆ ಒತ್ತಿಕೊಂಡು ಕೂತು ಕೇಳಿದ್ದೆ: "ಯಪ್ಪಾ, ಯೇಸುಸ್ವಾಮಿ ಅರಸ ಅಂದ್ರಲ್ಲ, ಹಂಗಾರ ಅವನ ಗುಂಬಜ ಯಾವದು?" ಅರಸ ಎಂದರೆ ಅವನಿಗೊಂದು ಗುಂಬಜ ಇರಲೇಬೇಕು, ವಿಜಯಪುರದ ಮಕ್ಕಳಿಗೆ ಅದರಲ್ಲೇನು ಅನುಮಾನ? ನೀನು ನಕ್ಕ ನಗೆಗೆ ಕುದುರೆಯೇ ಬೆಚ್ಚಿತ್ತು. "ಹುಚ್ಚಿ, ಸತ್ತ ಅರಸರಿಗೆ ಗುಂಬಜ ಬೇಕು. ನಮ್ಮ ಅರಸ ಗೋರಿ ಬಿಟ್ಟು ಎದ್ದ ಬಂದಾನ. ಇಲ್ಲೇ ನಮ್ಮ ಟಾಂಗಾದಾಗ ಅದಾನ. ಜರಾ ಸರದ ಕೂಡು, ಅವಗೂ ಜಾಗಾ ಬೇಕಲ್ಲ." ನಾನು ನಂಬಿ ಸರಿದು ಕೂತಿದ್ದೆ.

ಆ ಲಾಡ್ಜಿನವನ ಮಾತು ಬಂದಾಗಲೂ ಹಾಗೇ. ಬೇರೆ ಲಾಡ್ಜುಗಳೆಲ್ಲ ಭರ್ತಿಯಾಗಿವೆ ಎಂದು ಪ್ರವಾಸಿಗರಿಗೆ ಸುಳ್ಳು ಹೇಳಿ ತನ್ನಲ್ಲಿಗೇ ಕರೆತಂದರೆ ಕಮಿಷನ್ ಕೊಡುತ್ತೇನೆ ಎಂದಿದ್ದ. ನನಗಾಗಲೇ ಒಬ್ಬ ಅರಸ ಇದ್ದಾನೆ, ಒಲ್ಲೆ ಎಂದೆ ನೀನು. "ಒಂದ ಕುದುರಿಗೆ ಇಬ್ಬರು ಲಗಾಮು ಹಿಡದ್ರ ಟಾಂಗಾ ಹಳ್ಳಕ್ಕ ಬೀಳತೈತಿ." ಅವ್ವ ಒಲೆಯ ಮುಂದಿನಿಂದಲೇ ಹರಿಹಾಯ್ದಿದ್ದಳು: "ಅರಸ ಅಂತ ಅರಸ! ಅವ ಬಂದು ನಮ್ಮ ಒಲಿ ಹಚ್ಚತಾನೇನ?" ಈಗ ನಾನೂ ಅವ್ವನ ಪರವೇ, ಅಪ್ಪಾ. ನಿನಗೇನು, ಟಾಂಗಾ ನಿನ್ನದು, ಕುದುರೆ ನಿನ್ನದು. ಬೇಡವೆಂದರೆ ಲಗಾಮು ತಿರುಗಿಸಿ ಹೊರಟುಬಿಡಬಹುದಿತ್ತು. ನಾನು ಎಲ್ಲಿಗೆ ಹೋಗಲಿ?

ನೀನು ತೀರಿಹೋದ ಮೇಲೆ ನಾವು ತಿಕೋಟಾಕ್ಕೆ ಬಂದೆವು. ಒಣದ್ರಾಕ್ಷಿ ಆರಿಸುವ ಶೆಡ್ಡಿನಲ್ಲಿ ಹೆಣ್ಣಾಳುಗಳನ್ನು ನೋಡಿಕೊಳ್ಳುವವಳು ನಾನೇ. ಇರುವುದು ಧಣಿಯವರು ಕೊಟ್ಟ ಖೋಲಿಯಲ್ಲಿ. ಧಣಿ ಕೆಟ್ಟವರಾಗಿದ್ದರೆ ಎಷ್ಟು ಹಗುರವಿತ್ತು! ನಿನ್ನ ಅಳಿಯ ಬೆನ್ನುನೋವಿನಿಂದ ಏಳಲಾಗದೆ ಬಿದ್ದಾಗ ತಮ್ಮ ಕಾರಿನಲ್ಲೇ ಜಲನಗರದ ದವಾಖಾನೆಗೆ ಒಯ್ದವರು ಅವರೇ. ಇವತ್ತಿಗೂ ಇವರು ಭಾರ ಎತ್ತುವಂತಿಲ್ಲ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆಯಬೇಕು ಅಂತಾರೆ. ನೆನೆಯುತ್ತೇನೆ, ಆದರೆ...

ಮೊನ್ನೆ ನಮ್ಮ ಶೆಡ್ಡಿನ ಹೆಣ್ಣಾಳು ರೇಣವ್ವನ ಬಲಗೈ ದ್ರಾಕ್ಷಿಯ ಕಡ್ಡಿ ಬಿಡಿಸುವ ಮಷೀನಿಗೆ ಸಿಕ್ಕಿತು. ನನ್ನ ಪಕ್ಕದಲ್ಲೇ, ಅಪ್ಪಾ. ಕೆಲಸ ಜಲ್ದಿ ಆಗಲೆಂದು ಅದರ ಮುಚ್ಚಳ ತೆಗೆಸಿದ್ದು ಧಣಿ. ಆ ಮಾತು ಕಿವಿಯಾರೆ ಕೇಳಿದವಳು ನಾನು. ತಪ್ಪು ಯಾರದೆಂದು ತೀರ್ಮಾನಿಸಲು ನಾಳೆ ಅವಳ ತವರು ಬಬಲೇಶ್ವರದಲ್ಲಿ ಹಿರಿಯರು ಕೂಡುತ್ತಾರೆ. ಧಣಿ ನನ್ನನ್ನು ಕರೆದು ಮೆತ್ತಗೆ ಹೇಳಿದರು: "ಮಗಳ, ಮುಚ್ಚಳ ಆಕಿನ ತಗದ್ಲು ಅಂತ ಒಂದ ಮಾತು ಹೇಳಿಬಿಡು. ಅಷ್ಟ. ಖೋಲಿ ನಿನಗ ಕಾಯಂ." ಹಾಗೆ ಹೇಳಿದರೆ ತಪ್ಪು ರೇಣವ್ವನದಾಗುತ್ತದೆ, ಹೋದ ಕೈಗೆ ಅವಳಿಗೊಂದು ಪೈಸೆ ಪರಿಹಾರವೂ ಸಿಗುವುದಿಲ್ಲ. ಹೇಳದಿದ್ದರೆ ನಮಗೆ ಸೂರಿರುವುದಿಲ್ಲ. ಯಾವ ಕಡೆ ಹೊರಳಲಿ?

ಭಾನುವಾರ ಹಾಡುವಾಗ ಅವನನ್ನು ಅರಸ ಎನ್ನುವುದು ಎಷ್ಟು ಸುಲಭ! ಸೋಮವಾರ ಶೆಡ್ಡಿನ ಬಾಗಿಲು ತೆರೆದ ಕೂಡಲೇ ಧಣಿಯೇ ಅರಸ. ಇಷ್ಟು ವರ್ಷ ನಾನೇ ನನ್ನ ಅರಸನಿಗೊಂದು ಗುಂಬಜ ಕಟ್ಟಿ, ವಾರಕ್ಕೊಮ್ಮೆ ಹೋಗಿ ಕೈಮುಗಿದು ಬಂದೆನೇನೋ... ಸಿಟ್ಟು ಬರುತ್ತದೆ, ನನ್ನ ಮೇಲೆ, ನಿನ್ನ ಮೇಲೂ. ಯಾಕಪ್ಪಾ ನನಗೆ ಸರಿದು ಕೂಡಲು ಕಲಿಸಿದೆ?

"ಸುಮ್ನಿರು, ಮಕ್ಕಳನ್ನ ಕಟಗೊಂಡು ಬೀದಿಗೆ ಬೀಳೂಣೇನ?" ಇವರದು ಮೊನ್ನೆಯಿಂದ ಇದೊಂದೇ ಮಾತು. ನಾನೂ ಧಣಿ ಹೇಳಿದಂತೆ ಹೇಳಿಬಿಡುವುದೆಂದೇ ಮನಸ್ಸು ಮಾಡಿದ್ದೆ. ಇವತ್ತು ಮಧ್ಯಾಹ್ನ ಇವರು ದವಾಖಾನೆಗೆ ಹೋಗಿ ರೇಣವ್ವನನ್ನು ನೋಡಿ ಬಂದರು. ಬಂದವರೇ ಪಾತ್ರೆಗಳನ್ನು ಒಂದೊಂದೇ ಚೀಲಕ್ಕೆ ತುಂಬತೊಡಗಿದರು.

"ಏನ ಮಾಡಾಕತ್ತೀರಿ?" ಎಂದೆ.

"ಆಕಿ ಎಡಗೈಲೆ ಉಣ್ಣಾಕತ್ತಾಳ," ಎಂದರು. ಆಮೇಲೆ ಮುಖ ಎತ್ತದೇ, "ಹಗುರದ್ದಷ್ಟು ನಾ ಕಟ್ಟತೇನಿ. ನೀ ಹೋಗಿ ಖರೇ ಹೇಳಿ ಬಾ."

ಇದನ್ನು ನಿನಗೆ ಹೇಳದೆ ಇರಲಾಗಲಿಲ್ಲ. ಹೆದರಿಕೆಯೇನೂ ಹೋಗಿಲ್ಲ. ನಾಡಿದ್ದು ಎಲ್ಲಿರುತ್ತೇವೋ ಗೊತ್ತಿಲ್ಲ. ನಾಳೆ ಮುಂಜಾನೆ ಮಾತ್ರ ಬಬಲೇಶ್ವರದ ಬಸ್ಸು ಹತ್ತುತ್ತೇನೆ. ಎಷ್ಟೇ ಗದ್ದಲವಿರಲಿ ಅಪ್ಪಾ, ಜರಾ ಸರಿದು ಕೂಡುತ್ತೇನೆ.

ನಿನ್ನ ಹುಚ್ಚಿ